ಕರೆಂಟು ಬಂದರೆ ಎದ್ದು ಹೋಗುವ ವರ

ಗಾವಡಗೆರೆಯ ನಿಂಗರಾಜುವಿಗೆ ಹೆಣ್ಣು ಕೊಡಬಾರದೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಹುಡುಗ ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ, ಹುಣಸೂರಿನಲ್ಲಿ ಕೆಲಸ, ಊರಲ್ಲಿ ಸ್ವಲ್ಪ ಹೊಗೆಸೊಪ್ಪಿನ ಹೊಲ. ತಲೆಯ ಮೇಲೆ ಕೂದಲು ಕೂಡ ಇನ್ನೂ ಹಾಜರಿತ್ತು. ಇದ್ದ ತೊಂದರೆ ಒಂದೇ. ಹೆಣ್ಣು ನೋಡಲು ಹೋದ ಮನೆಯಲ್ಲಿ ಅವನು ಕೊನೆಯ ತನಕ ಕೂರುತ್ತಿರಲಿಲ್ಲ. ಹುಡುಗಿ ಬಂದಿರುತ್ತಿದ್ದಳು, ಕಾಫಿ ಬಂದಿರುತ್ತಿತ್ತು, ಅಷ್ಟರಲ್ಲಿ ಕರೆಂಟೂ ಬರುತ್ತಿತ್ತು. ಕರೆಂಟು ಬಂದರೆ ಕರೆ ಬರುತ್ತಿತ್ತು. ಕರೆ ಬಂದರೆ ನಿಂಗರಾಜು ಎದ್ದು ಹೋಗುತ್ತಿದ್ದ.

ಅವನಿದ್ದದ್ದು ಹುಣಸೂರಿನಲ್ಲಿ ಕಚೇರಿ ಮಾಡಿಕೊಂಡಿದ್ದ ಹೊಗೆಸೊಪ್ಪು ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ. ಕಂಪ್ಯೂಟರ್ ಆಪರೇಟರ್ ಎಂಬ ಹುದ್ದೆ. ಸದಸ್ಯರ ಹೆಸರು, ಹೊಲ, ಸೊಪ್ಪು ಬೇಯಿಸುವ ಬ್ಯಾರನ್ ಮನೆ, ಪಡೆದ ಗೊಬ್ಬರ, ತಂದ ಸೊಪ್ಪಿನ ಬೇಲು ಎಲ್ಲವೂ ಹಿಂದಿನ ಕೋಣೆಯ ಒಂದು ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಗೆ ಸರ್ವರ್ ಎಂದು ಹೆಸರು. ಹೋಟೆಲಿನ ಸರ್ವರ್ ಮಾಡುವುದನ್ನೇ ಅದೂ ಮಾಡುತ್ತಿತ್ತು: ಕೇಳಿದವರಿಗೆ ಕೇಳಿದ್ದನ್ನು ತಂದುಕೊಡುವುದು, ತಡವಾದರೆ ಬೈಸಿಕೊಳ್ಳುವುದು. ಬೈಸಿಕೊಳ್ಳುವ ಭಾಗವನ್ನು ಮಾತ್ರ ನಿಂಗರಾಜುವಿಗೆ ವಹಿಸಿಕೊಟ್ಟಿತ್ತು.

ಇದು ಎರಡು ಸಾವಿರದ ಎಂಟರ ಆಸುಪಾಸಿನ ಮಾತು. ಕರೆಂಟು ನೆಂಟರಂತೆ ಬಂದು ಹೋಗುತ್ತಿದ್ದ ಕಾಲ. ಸಂಘದಲ್ಲಿ ಯುಪಿಎಸ್ ಇತ್ತು. ಆದರೆ ಅದರ ಬ್ಯಾಟರಿಗೆ ವಯಸ್ಸಾಗಿ, ಕರೆಂಟು ಹೋಯಿತೆಂದು ಕೂಗಿ ಹೇಳುವಷ್ಟು ತ್ರಾಣ ಮಾತ್ರ ಉಳಿದಿತ್ತು. ಕೂಗು ಮುಗಿಯುವುದರೊಳಗೆ ಸರ್ವರ್ ಮಲಗಿಬಿಡುತ್ತಿತ್ತು.

ಮಲಗಿದ್ದನ್ನು ಎಬ್ಬಿಸುವುದು ಗುಂಡಿ ಒತ್ತಿದರೆ ಮುಗಿಯುವ ಕೆಲಸವಾಗಿರಲಿಲ್ಲ. ಹಳೆಯ ಯಂತ್ರ ಸುಟ್ಟುಹೋಗಿ ಹೊಸದು ಬಂದಾಗ, ಲೆಕ್ಕವೆಲ್ಲ ತುಂಬಿಕೊಂಡಿದ್ದ ಡೇಟಾಬೇಸು ಹೊಸ ಯಂತ್ರದಲ್ಲಿ ಕೂರಲು ಒಪ್ಪಿರಲಿಲ್ಲ. ನಿಂಗರಾಜು ಮೈಸೂರಿಗೆ ಹೋಗಿ, ತಿಳಿದವರನ್ನು ಕೇಳಿ, ಹೊಸ ಯಂತ್ರದ ಹೊಟ್ಟೆಯೊಳಗೆ ಹಳೆಯ ಯಂತ್ರವೊಂದಿದೆ ಎಂಬ ಮಾಯೆ ಕಟ್ಟಿದ್ದ. ಅದಕ್ಕೆ ವರ್ಚುವಲ್ ಮಷೀನು ಎನ್ನುತ್ತಾರೆ. ಆರ್‌ಸಿಸಿ ಮನೆ ಕಟ್ಟಿಸಿದ ಮೇಲೂ ಅಜ್ಜಿಗೆಂದು ಹಿಂದುಗಡೆ ಸೌದೆ ಒಲೆಯ ಕೋಣೆ ಮಾಡಿಕೊಡುತ್ತಾರಲ್ಲ, ಹಾಗೆ. ಅಜ್ಜಿ ತಾನಿನ್ನೂ ಹಳೇ ಮನೆಯಲ್ಲೇ ಇದ್ದೇನೆಂದು ನೆಮ್ಮದಿಯಾಗಿ ಮುದ್ದೆ ತಿರುವುತ್ತಾಳೆ.

ಹೀಗಾಗಿ ಮೊದಲು ಹೊರಗಿನ ಯಂತ್ರ ಏಳಬೇಕು. ಆಮೇಲೆ ಒಳಗಿನದನ್ನು ಎಬ್ಬಿಸಬೇಕು. ಅದು ಕಣ್ಣುಜ್ಜಿಕೊಂಡು ಕೂತ ಮೇಲೆ ಡೇಟಾಬೇಸನ್ನು ಎಬ್ಬಿಸಬೇಕು. ಅದು ನೆಟ್ಟಗೆ ಎದ್ದಿದೆಯೇ ಎಂದು ವಿಚಾರಿಸಿಕೊಂಡು ಕೌಂಟರಿನವರನ್ನು ಒಳಗೆ ಬಿಡಬೇಕು. ಪ್ರತಿಯೊಂದಕ್ಕೂ ಕೈಯಲ್ಲೇ ಆಜ್ಞೆ ಟೈಪು ಮಾಡಬೇಕು. ಒಮ್ಮೆ ಕೌಂಟರಿನ ಪುಟ್ಟತಾಯಮ್ಮ, ಸರತಿಯಲ್ಲಿ ನಿಂತವರ ಗಲಾಟೆ ತಾಳಲಾರದೆ ತಾನೇ ಒಳಹೋಗಿ ಹಿಂದುಮುಂದಾಗಿ ಎಬ್ಬಿಸಿದ್ದಳು. ಪಿರಿಯಾಪಟ್ಟಣ ತಾಲ್ಲೂಕಿನ ಅಷ್ಟೂ ಸದಸ್ಯರು ಸಂಜೆಯವರೆಗೆ ನಾಪತ್ತೆಯಾಗಿದ್ದರು. ಅಂದಿನಿಂದ ಸಂಘದ ಸೆಕ್ರೆಟರಿ ಚನ್ನಬಸವಣ್ಣ, ನಿಂಗರಾಜುವನ್ನು ಬಿಟ್ಟು ಬೇರೆ ಯಾರೂ ಆ ಕೋಣೆಗೆ ಕಾಲಿಡಕೂಡದೆಂದು ಅಪ್ಪಣೆ ಮಾಡಿಬಿಟ್ಟರು.

ಹೆಣ್ಣು ಹುಡುಕುವ ಭಾರ ಹೊತ್ತವನು ನಿಂಗರಾಜುವಿನ ಸೋದರಮಾವ ಮಂಟಯ್ಯ. ಮಂಟಯ್ಯನಿಗೆ ಹೆಣ್ಣುಮಕ್ಕಳಿರಲಿಲ್ಲ. ಇದ್ದಿದ್ದರೆ ಹುಡುಕುವ ಪ್ರಮೇಯವೇ ಬರುತ್ತಿರಲಿಲ್ಲ, ನಾವೂ ಇಷ್ಟು ಬರೆಯುವ ಹಾಗಿರಲಿಲ್ಲ. ಅವನದೊಂದು ಕಟ್ಟುನಿಟ್ಟು: ಹೆಣ್ಣು ನೋಡಲು ಸೋಮವಾರ ಆಗಬೇಕು, ಇಲ್ಲವೇ ಗುರುವಾರ. ಭಾನುವಾರ ಮಾತ್ರ ಬೇಡವೇ ಬೇಡ. ಸಂಘಕ್ಕೆ ರಜೆ ಇದ್ದದ್ದು ಭಾನುವಾರ ಮಾತ್ರ.

ನೋಡಲು ಬಂದವರು ಕಾಫಿ ಲೋಟ ಖಾಲಿ ಮಾಡದೆ ಎದ್ದರೆ ಹುಡುಗಿ ಒಪ್ಪಿಗೆಯಾಗಲಿಲ್ಲವೆಂದು ಆ ಕಡೆಯ ಲೆಕ್ಕ. ಬಾಯಿಬಿಟ್ಟು ಹೇಳುವ ಮುಜುಗರ ತಪ್ಪಲೆಂದು ಹಿರಿಯರು ಮಾಡಿಕೊಂಡ ಏರ್ಪಾಡು. ಕೆ.ಆರ್. ನಗರದ ಕಡೆಯ ಮೊದಲ ಮನೆಯಲ್ಲಿ ಪುಟ್ಟತಾಯಮ್ಮನ ಫೋನು ಬಂದಾಗ ನಿಂಗರಾಜುವಿನ ಕೈಯಲ್ಲಿದ್ದದ್ದು ತುಂಬಿದ ಲೋಟ. ‘ಕರೆಂಟ್ ಬಂತು ಕಣಪ್ಪ, ಜನ ನನ್ನ ತಿಂದಾಕ್ತಾವ್ರೆ, ಬಾ’ ಎಂದಳು. ಅವನು ಬಂದ. ಪಿರಿಯಾಪಟ್ಟಣದ ಕಡೆಯ ಎರಡನೆಯ ಮನೆಯಲ್ಲಿ ಫೋನು ಬಾಯಿ ಬಿಡುವ ಮೊದಲೇ ತಲೆಯ ಮೇಲಿನ ಫ್ಯಾನು ತಿರುಗಿತು. ಅದು ತಿರುಗಿದ್ದು ಕಂಡದ್ದೇ ಅಭ್ಯಾಸಬಲದಿಂದ ಎದ್ದು ನಿಂತಿದ್ದ. ಹುಣಸೂರಿಗೆ ಹತ್ತಿರದ ಮೂರನೆಯ ಮನೆಗೆ ಹೋಗುವಾಗ ಜಾಣತನ ಮಾಡಿ ಫೋನನ್ನು ಮನೆಯಲ್ಲೇ ಬಿಟ್ಟ. ಫೋನು ಬರಲಿಲ್ಲ. ಸಂಘದ ಜೀಪೇ ಬಂತು. ಹುಡುಗಿಯ ಅಜ್ಜಿ ಬಾಗಿಲಲ್ಲಿ ಜೀಪು ಕಂಡು, ‘ಏನ್ ಮಾಡ್ಬುಟ್ಟು ಬಂದವ್ನಪ್ಪ ಇವ್ನು?’ ಎಂದು ಕೇಳಿದಳು. ಆ ಪ್ರಶ್ನೆಯೊಂದಿಗೆ ಸಂಬಂಧ ಮುಗಿಯಿತು.

ಜೀಪಿನ ಹಿಂದೆಯೇ ಬಸ್ಸು ಹಿಡಿದು ಸಂಘಕ್ಕೆ ಬಂದ ಮಂಟಯ್ಯ, ಸರ್ವರ್ ಕೋಣೆಯ ಹೊಸ್ತಿಲಾಚೆ ನಿಂತು ಕೇಳಿದ.

‘ಲೋ ನಿಂಗ, ನಿಂಗೆ ಮದ್ವೆ ಬೇಕೋ, ಆ ಡಬ್ಬ ಬೇಕೋ?’

‘ಡಬ್ಬ ಅಲ್ಲ ಮಾವ, ಸರ್ವರ್.’

‘ಸರ್ವರ್ ಆದ್ರೇನು, ಭಟ್ಟ ಆದ್ರೇನು! ನನ್ ಕೈಲಿ ಇನ್ನೊಂದೇ ಒಂದು ಎಣ್ಣಿರೋದು. ಅಂತರಸಂತೆ ಕರಿಯಯ್ಯನ ಮಗ್ಳು. ಕುಯ್ಲು ಸುರುವಾಗೋ ಮುಂಚೆ ಬತ್ತೀವಿ ಅಂದಿವ್ನಿ. ಅಲ್ಲೂ ನೀನು ಎದ್ಯೋ, ನಾನು ಕೈ ತೊಳ್ಕಂಡೆ. ಆಮೇಲೆ ಈ ಡಬ್ಬಕ್ಕೇ ತಾಳಿ ಕಟ್ಕ.’

ನಿಂಗರಾಜು ಯೋಚಿಸಿದ. ಕರೆಂಟು ಹೋಗದಂತೆ ಮಾಡುವುದು ಅವನ ಕೈಯಲ್ಲಿರಲಿಲ್ಲ. ಪುಟ್ಟತಾಯಮ್ಮ ಕರೆಯದಂತೆ ಮಾಡುವುದು ಯಾರ ಕೈಯಲ್ಲೂ ಇರಲಿಲ್ಲ. ಉಳಿದದ್ದು ಸರ್ವರ್ ತಾನಾಗಿ ಏಳುವಂತೆ ಮಾಡುವುದು.

ದಿನವೂ ಟೈಪು ಮಾಡುತ್ತಿದ್ದ ಆಜ್ಞೆಗಳನ್ನೆಲ್ಲ ಸಾಲಾಗಿ ಒಂದೇ ಫೈಲಿನಲ್ಲಿ ಬರೆದು, ಯಂತ್ರ ಎದ್ದ ಕೂಡಲೇ ಅದನ್ನು ಓದಿಕೊಳ್ಳುವಂತೆ ಮಾಡಿದ. ಯಂತ್ರ ಓದಿತು. ಏನೂ ಏಳಲಿಲ್ಲ. ಬಹಳ ತಲೆ ಕೆರೆದುಕೊಂಡ ಮೇಲೆ ಕಾರಣ ಹೊಳೆಯಿತು. ಕೈಯಲ್ಲಿ ಮಾಡುವಾಗ ಒಂದು ಆಜ್ಞೆಗೂ ಇನ್ನೊಂದಕ್ಕೂ ನಡುವೆ ಅವನು ಟೀ ಕುಡಿಯುತ್ತಿದ್ದ. ಫೈಲಿಗೆ ಟೀ ಕುಡಿಯುವುದು ಗೊತ್ತಿರಲಿಲ್ಲ. ಒಳಗಿನ ಯಂತ್ರ ಇನ್ನೂ ಆಕಳಿಸುತ್ತಿರುವಾಗಲೇ ಡೇಟಾಬೇಸನ್ನು ಕೂಗುತ್ತಿತ್ತು, ಡೇಟಾಬೇಸು ಏಳುವ ಮೊದಲೇ ಕೌಂಟರಿನವರನ್ನು ಕರೆಯುತ್ತಿತ್ತು. ಹಾಗಾಗಿ ಅದಕ್ಕೆ ಕಾಯುವುದನ್ನು ಕಲಿಸಿದ. ಎದ್ದೆಯಾ ಎಂದು ಕೇಳು, ಉತ್ತರ ಬರದಿದ್ದರೆ ಸುಮ್ಮನಿರು, ಸ್ವಲ್ಪ ಬಿಟ್ಟು ಮತ್ತೆ ಕೇಳು, ಎದ್ದೆ ಎನ್ನುವ ತನಕ ಮುಂದಿನದಕ್ಕೆ ಹೋಗಬೇಡ.

ಆಮೇಲೆ ಇನ್ನೊಂದು ಭಯ ಹತ್ತಿತು. ಕರೆಂಟು ಹೋದ ಏಟಿಗೆ ಒಳಗಿನ ಯಂತ್ರವೇ ಕೆಟ್ಟು ಕೂತರೆ? ಎದ್ದೆಯಾ ಎಂದು ಎಷ್ಟು ಕೇಳಿದರೂ ಹೆಣ ಏಳುವುದಿಲ್ಲ. ಅದಕ್ಕೆಂದು ಎರಡನೆಯ ಫೈಲು ಬರೆದ. ಕೆಟ್ಟದ್ದನ್ನು ಎತ್ತಿ ಬಿಸಾಡಿ, ಹೊಸ ವರ್ಚುವಲ್ ಮಷೀನು ಕಟ್ಟಿ, ಅದರೊಳಗೆ ಡೇಟಾಬೇಸು ಕೂರಿಸಿ, ಯಾರಿಗೆ ಯಾವ ಬಾಗಿಲಿನ ಬೀಗದ ಕೈ ಎಂದು ಹಂಚಿ, ಖಾನೆಗಳನ್ನು ಸಿದ್ಧ ಮಾಡುವುದು ಅದರ ಕೆಲಸ. ಮೊದಲ ಸಲ ಎಲ್ಲವೂ ಅಚ್ಚುಕಟ್ಟಾಗಿ ಎದ್ದು ನಿಂತಿತು. ಸದಸ್ಯರು ಮಾತ್ರ ಒಬ್ಬರೂ ಇರಲಿಲ್ಲ. ಮನೆ ಕಟ್ಟಿ, ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ, ಮನೆಯವರನ್ನು ಕರೆಯಲು ಮರೆತಂತಾಗಿತ್ತು. ಪ್ರತಿ ದಿನ ಸಂಜೆ ಎತ್ತಿಡುವ ನಕಲಿನಿಂದ ಎಲ್ಲರನ್ನೂ ಕರೆತಂದು ಕೂರಿಸುವ ಸಾಲೊಂದನ್ನು ಕೊನೆಗೆ ಸೇರಿಸಿದ.

ಎಲ್ಲ ಮುಗಿಯಿತೆಂದು ಪರೀಕ್ಷೆಗಾಗಿ ಫ್ಯೂಸು ಕಿತ್ತು ಹಾಕಿದ. ಕೋಣೆ ಸ್ತಬ್ಧವಾಯಿತು. ಫ್ಯೂಸನ್ನು ಮತ್ತೆ ಸಿಕ್ಕಿಸಿ, ಯಂತ್ರ ಏಳುತ್ತದೆಂದು ಅದರ ಮುಂದೆ ಕೈಕಟ್ಟಿ ಕೂತ. ಅದೂ ಅವನ ಮುಂದೆ ಹಾಗೆಯೇ ಕೂತಿತು. ಅಷ್ಟೆಲ್ಲ ಬರೆದವನು ಮೊದಲ ಗುಂಡಿ ಒತ್ತುವವರು ಯಾರು ಎಂಬುದನ್ನು ಯೋಚಿಸಿರಲಿಲ್ಲ. ಕರೆಂಟು ಮರಳಿದರೆ ಏನು ಮಾಡಬೇಕೆಂಬ ಪ್ರಶ್ನೆ ಯಂತ್ರದ ಒಳಗೆಲ್ಲೋ ಇತ್ತು. ಅದಕ್ಕೆ ‘ಸುಮ್ಮನಿರು’ ಎಂಬ ಉತ್ತರ ಕಾರ್ಖಾನೆಯಿಂದಲೇ ಬಂದಿತ್ತು. ಅದನ್ನು ‘ಏಳು’ ಎಂದು ಬದಲಿಸಿ, ಮತ್ತೆ ಫ್ಯೂಸಿಗೆ ಕೈ ಹಾಕಿದಾಗ ಬಾಗಿಲಲ್ಲಿ ಚನ್ನಬಸವಣ್ಣ ನಿಂತಿದ್ದರು.

‘ಏನ್ರೀ ನಿಂಗರಾಜು, ಕರೆಂಟ್‌ನೋರು ತೆಗೆಯೋದು ಸಾಲ್ದು ಅಂತ ನೀವು ಬೇರೆ ತೆಗೀತಿದ್ದೀರಾ?’

‘ಟೆಸ್ಟ್ ಸಾರ್. ಇನ್ಮೇಲೆ ಸರ್ವರ್ ತಾನೇ ಏಳುತ್ತೆ.’

‘ನೀವಿಲ್ದೇನೇ?’

‘ನಾನಿಲ್ದೇನೇ ಸಾರ್.’

ಫ್ಯೂಸು ಹೋಯಿತು, ಬಂತು. ಯಂತ್ರ ಗುರ್ ಎಂದಿತು. ಇಬ್ಬರೂ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಮುಂದಿನ ಕೋಣೆಯಿಂದ ಪುಟ್ಟತಾಯಮ್ಮ ಯಾರದೋ ಹೆಸರು ಕೂಗಿ ಕರೆದದ್ದು ಕೇಳಿಸಿತು. ಕೌಂಟರು ನಡೆಯುತ್ತಿತ್ತು. ಚನ್ನಬಸವಣ್ಣ ಮೆಚ್ಚಿ ತಲೆಯಾಡಿಸಿ, ಬಾಗಿಲ ತನಕ ಹೋಗಿ, ಏನೋ ನೆನಪಾದವರಂತೆ ತಿರುಗಿದರು.

‘ಹಾಗಾದ್ರೆ ಇನ್ನು ನೀವ್ಯಾಕ್ರೀ?’

ತಮಾಷೆಗೆ ಕೇಳಿದರೋ ನಿಜಕ್ಕೋ ತಿಳಿಯದೆ ನಿಂಗರಾಜು ನಕ್ಕ. ನಗು ಬೇಡವಾಗಿತ್ತೇನೋ ಎಂದು ಆಮೇಲೆ ಅನ್ನಿಸಿತು.

ಮುಂದಿನ ಗುರುವಾರ ರಜೆ ಹಾಕಿ, ಮಾವನೊಂದಿಗೆ ಎಚ್.ಡಿ. ಕೋಟೆಯ ಬಸ್ಸು ಹತ್ತಿ, ಅಲ್ಲಿಂದ ಅಂತರಸಂತೆಗೆ ಹೋದ. ಕರಿಯಯ್ಯನ ಮನೆ ಊರ ಅಂಚಿನಲ್ಲಿತ್ತು. ಹಿಂದೆ ಹೊಲ, ಹೊಲದ ಆಚೆ ಕಾಡು. ಕರಿಯಯ್ಯನಿಗೆ ಮಂಡಿ ನೋವು. ಒಂದು ಕಾಲು ಚಾಚಿಕೊಂಡೇ ನೆಂಟರನ್ನು ಚಾಪೆಯ ಮೇಲೆ ಕೂರಿಸಿ, ಸುತ್ತುಬಳಸಿಲ್ಲದೆ ಕೇಳಿದ.

‘ಈವಯ್ಯ ಎಣ್ಣು ನೋಡಕ್ಕೆ ಓದ ಕಡೆಲೆಲ್ಲ ಮಧ್ಯಕ್ಕೇ ಎದ್ದೋಯ್ತರಂತೆ?’

ಮಂಟಯ್ಯ ಈ ಪ್ರಶ್ನೆಗೆ ಬಸ್ಸಿನಲ್ಲೇ ತಯಾರಾಗಿದ್ದ.

‘ಓಗ್ದೆ ಇನ್ನೇನ್ ಮಾಡಾನು ಕಣಣ್ಣ? ಅಷ್ಟು ಬೇಕಾದವ್ನು. ಇವ್ನು ಕೈ ಇಡ್ದೆ ಓದ್ರೆ ಅಷ್ಟು ದೊಡ್ ಸಂಘ ಬಾಗ್ಲು ತೆಗೆಯಂಗಿಲ್ಲ. ಜೀಪ್ ಕಳಿಸಿ ಕರ್ಸ್ಕತಾರೆ, ಜೀಪು! ನೋಡ್ತಿರು, ಈಗ ಕರೆಂಟ್ ಬರ್ಲಿ, ತಕ್ಷಣ ಫೋನ್ ಬತ್ತದೆ.’

ಕರೆಂಟೆಂದರೆ ಮಂಟಯ್ಯನ ಲೆಕ್ಕದಲ್ಲಿ ರಾಜ್ಯಕ್ಕೆಲ್ಲ ಒಂದೇ. ಅಂತರಸಂತೆಯಲ್ಲಿ ಬಂದದ್ದು ಹುಣಸೂರಿನಲ್ಲೂ ಬಂದೇ ಬರಬೇಕು. ಅಳಿಯನ ಜೇಬಿನಿಂದ ಫೋನು ಎತ್ತಿ ಎಲೆಅಡಿಕೆಯ ತಟ್ಟೆಯ ಪಕ್ಕ, ಎಲ್ಲರಿಗೂ ಕಾಣುವಂತೆ ಇಟ್ಟ. ಸರ್ವರ್ ಇನ್ನು ತಾನಾಗಿಯೇ ಏಳುತ್ತದೆಂದು ನಿಂಗರಾಜು ಮಾವನಿಗೆ ಬಸ್ಸಿನಲ್ಲಿ ಹೇಳಿದ್ದ. ಮಂಟಯ್ಯ ಭಾಷಣ ತಯಾರಿಯ ನಡುವೆ ಅದನ್ನು ಕೇಳಿಸಿಕೊಂಡಿರಲಿಲ್ಲ.

ಹುಡುಗಿ ಕಾಫಿ ತಂದಳು. ಶಾಂತಲಾ ಎಂದು ಹೆಸರು, ಪಿಯುಸಿ ಆಗಿತ್ತು. ತಂದೆಯ ಮಂಡಿ ಕೈಕೊಟ್ಟ ಮೇಲೆ ಹೊಲದ ಕಡೆಯೆಲ್ಲ ಅವಳದೇ. ತಟ್ಟೆ ಮುಂದೆ ಹಿಡಿದಾಗ ನಿಂಗರಾಜು ಲೋಟ ತೆಗೆದುಕೊಂಡ. ಅದೇ ಹೊತ್ತಿಗೆ ತಲೆಯ ಮೇಲಿನ ಬಲ್ಬು ಹತ್ತಿತು.

ಎಲ್ಲರ ಕಣ್ಣೂ ಫೋನಿನ ಮೇಲೆ ಹೋಯಿತು. ಫೋನು ಸುಮ್ಮನಿತ್ತು.

‘ಬತ್ತದೆ,’ ಎಂದ ಮಂಟಯ್ಯ. ‘ಇವಾಗ ಬತ್ತದೆ.’

ಬರಲಿಲ್ಲ. ಕರಿಯಯ್ಯ ಚಾಚಿದ ಕಾಲನ್ನು ನಿಧಾನಕ್ಕೆ ಮಡಿಸಿದ.

‘ಬರಕಿಲ್ಲ ಮಾವ,’ ಎಂದ ನಿಂಗರಾಜು. ‘ಬಸ್ಸಲ್ಲೇ ಏಳ್ನಿಲ್ವಾ ನಾನು ನಿಂಗೆ? ಇವಾಗ ಅದು ತಾನೇ ಎದ್ಕತದೆ. ನಾನ್ ಬೇಕಾಗಿಲ್ಲ.’

‘ಅಂದ್ರೆ ಇವಾಗ ಕೆಲ್ಸ ಇಲ್ವಾ?’ ಎಂದ ಕರಿಯಯ್ಯ.

ಮಂಟಯ್ಯ ಬಾಯಿ ತೆರೆದ. ಫೋನು ಬಂದರೆ ವರ ಎದ್ದು ಹೋಗುತ್ತಾನೆ, ಬರದಿದ್ದರೆ ವರ ಕೆಲಸವಿಲ್ಲದವನಾಗುತ್ತಾನೆ. ಎರಡಕ್ಕೂ ಹೊಂದುವ ಭಾಷಣ ಅವನ ಹತ್ತಿರ ಇರಲಿಲ್ಲ. ಅಷ್ಟರಲ್ಲಿ ಹೊಲದ ಕಡೆಯಿಂದ ಯಾರೋ ಗಂಡಸು ಕೂಗಿದ.

‘ಕರಿಯಣ್ಣೋ, ತ್ರೀ ಫೇಸ್ ಬಂತು! ನಿಮ್ದೇ ಮೊದ್ಲು ಇವತ್ತು!’

ಶಾಂತಲಾ ತಟ್ಟೆಯನ್ನು ನೆಲದ ಮೇಲಿಟ್ಟಳು. ಅಪ್ಪನ ಮುಖ ನೋಡಿದಳು. ಅವನು ಮಂಡಿ ಹಿಡಿದುಕೊಂಡು ಏಳುವ ಸೂಚನೆ ಕಾಣದ್ದರಿಂದ, ಸೀರೆ ಎತ್ತಿ ಕಟ್ಟಿ, ಹಿಂಬಾಗಿಲಿನಿಂದ ಹೊರಟೇಹೋದಳು.

ಆ ಬಯಲಿನ ಪಂಪ್‌ಸೆಟ್ಟುಗಳಿಗೆಲ್ಲ ಇದ್ದದ್ದು ಒಂದೇ ಟ್ರಾನ್ಸ್‌ಫಾರ್ಮರು. ಹಿಂದೆ ಎಲ್ಲರೂ ಮೋಟರಿಗೆ ಆಟೋ ಸ್ಟಾರ್ಟರು ಹಾಕಿಸಿಕೊಂಡು ಮನೆಯಲ್ಲಿ ಕಾಲು ಚಾಚಿ ಕೂರುತ್ತಿದ್ದರು. ಕರೆಂಟು ಬಂದದ್ದೇ ಎಲ್ಲ ಮೋಟರೂ ಒಟ್ಟಿಗೆ ಎದ್ದು, ಒಂದು ದಿನ ಟ್ರಾನ್ಸ್‌ಫಾರ್ಮರು ಹೊಗೆ ಕಾರಿ ಕೂತಿತು. ಇನ್ನೊಂದು ಬರುವಷ್ಟರಲ್ಲಿ ಸಸಿಮಡಿಗಳು ಬಾಡಿದ್ದವು. ಆಮೇಲೆ ಆಟೋ ಕಿತ್ತು ಬಿಸಾಡಿ ಸರದಿ ಮಾಡಿಕೊಂಡರು. ಮೊದಲನೆಯವರು ಹೋಗಿ ಮೋಟರು ಹಾಕಿ, ನೀರು ಹಿಡಿದದ್ದು ಖಾತ್ರಿಯಾದ ಮೇಲೆ ಪಕ್ಕದ ಹೊಲಕ್ಕೆ ಟವಲು ಬೀಸಬೇಕು. ಅವರು ಹಾಕಿ ಮುಂದಿನವರಿಗೆ ಬೀಸಬೇಕು. ಮೊದಲನೆಯವರು ಹೋಗದಿದ್ದರೆ ಬಯಲಿಗೆ ಬಯಲೇ ಸ್ಟಾರ್ಟರಿನ ಮುಂದೆ ಕಾಯುತ್ತ ನಿಲ್ಲಬೇಕು. ಇದನ್ನೆಲ್ಲ ಕರಿಯಯ್ಯ ಮಂಡಿ ಒತ್ತಿಕೊಳ್ಳುತ್ತ ಹೇಳಿದ. ಹೇಳುವ ಧಾಟಿಯಲ್ಲಿ ಮಗಳು ಎದ್ದುಹೋದ ಮುಜುಗರ ಸ್ವಲ್ಪ ಇತ್ತು.

ಮಂಟಯ್ಯನಿಗೆ ಅದ್ಯಾವುದೂ ಕಿವಿಗೆ ಹೋಗಲಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ಗಂಡಿನ ಕಡೆಯವರು ಎದ್ದು ಹೋದದ್ದನ್ನು ಕಂಡಿದ್ದ. ಹೆಣ್ಣೇ ಎದ್ದು ಹೋದದ್ದನ್ನು ಕಂಡಿರಲಿಲ್ಲ. ಹೆಗಲ ಟವಲು ಕೊಡವಿ ನಿಂತ.

‘ಏಳ್ಲಾ ನಿಂಗ. ಎಣ್ಣೇ ಎದ್ದೋದ್ಮೇಲೆ ನಮ್ಗೇನ್ ಕೆಲ್ಸ ಇಲ್ಲಿ?’

‘ಕೂತ್ಕ ಮಾವ.’

‘ಒಪ್ಪಿಲ್ಲ ಅಂತ ಅವ್ರು ಇನ್ನೆಂಗ್ಲಾ ಏಳ್ಬೇಕು ನಿಂಗೆ? ಬಾಯ್ ಬುಟ್ಟೇ ಏಳ್ಬೇಕಾ?’

‘ಮೋಟ್ರು ಆಕಕ್ಕೆ ಓಗವ್ಳೆ. ಬತ್ತಾಳೆ.’

‘ಬತ್ತಾಳೆ ಅಂತ ನಿಂಗೆಂಗ್ ಗೊತ್ತು?’

‘ನಾನೂ ಬತ್ತೀನಿ ಅಂತಾನೇ ಎದ್ದೋಯ್ತಿದ್ದೆ ಮಾವ,’ ಎಂದ ನಿಂಗರಾಜು. ‘ಅವ್ರ್ಯಾರೂ ಕಾಯ್ನಿಲ್ಲ.’

ಮಂಟಯ್ಯ ನಿಂತೇ ಇದ್ದ. ಆಮೇಲೆ, ಕೂರಲು ತೀರ್ಮಾನಿಸಿದವನಂತೆ ಅಲ್ಲ, ನಿಂತು ಸಾಕಾದವನಂತೆ ಕೂತ.

ಹೊಲದ ಕೆಲಸ ತಡವಾಯಿತು. ಪಕ್ಕದ ಹೊಲದವನು ಊಟಕ್ಕೆ ಹೋಗಿದ್ದನೋ ಏನೋ. ನಿಂಗರಾಜುವಿನ ಕಣ್ಣು ಮತ್ತೆ ಮತ್ತೆ ಫೋನಿನ ಕಡೆ ಹೋಗುತ್ತಿತ್ತು. ಅದು ಸುಮ್ಮನಿರುವುದಕ್ಕೆ ಕಾರಣ ಸರ್ವರ್ ಎದ್ದಿರುವುದೋ, ಕಾಡಂಚಿನಲ್ಲಿ ಸಿಗ್ನಲ್ ಬಿದ್ದುಹೋಗಿರುವುದೋ ಅವನಿಗೆ ಗೊತ್ತಿರಲಿಲ್ಲ. ಹೊರಗೆ ಹೋಗಿ, ದಿಬ್ಬ ಹತ್ತಿ, ಪುಟ್ಟತಾಯಮ್ಮನಿಗೊಂದು ಮಾತು ಕೇಳಿಬಿಡಬಹುದಿತ್ತು. ಅದಕ್ಕೆ ಏಳಬೇಕಿತ್ತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ. ಕಾಫಿಯ ಮೇಲೆ ಕೆನೆ ಕಟ್ಟಿತು. ಕರಿಯಯ್ಯ ಮಾತಿಗೆಂದು ಗಾವಡಗೆರೆಯ ಕಡೆ ಮಳೆ ಹೇಗೆಂದು ಕೇಳಿದ. ಮಂಟಯ್ಯ ಪರವಾಗಿಲ್ಲ ಎಂದ. ಮಳೆಯ ಮಾತು ಅಲ್ಲಿಗೆ ನಿಂತಿತು.

ಹಿಂಬಾಗಿಲಲ್ಲಿ ಕಾಲು ತೊಳೆಯುವ ಸದ್ದಾಯಿತು. ಶಾಂತಲಾ ಒಳಗೆ ಬಂದಳು. ಸೆರಗಿನ ಅಂಚು ಒದ್ದೆಯಾಗಿತ್ತು. ಚಾಪೆಯ ಮೇಲೆ ಇಬ್ಬರೂ ಇನ್ನೂ ಇರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

‘ಇನ್ನೂ ಇದ್ದೀರಾ?’ ಎಂದಳು. ಕೇಳಬಾರದಿತ್ತು ಎಂದು ನಾಲಗೆ ಕಚ್ಚಿಕೊಂಡಳು.

‘ಮೋಟ್ರು ನೀರು ಇಡೀತಾ?’ ಎಂದ ನಿಂಗರಾಜು.

‘ಇಡೀತು. ಪಕ್ಕದೋರು ಇರ್ನಿಲ್ಲ. ಟವಲ್ ಬೀಸಿ ಬೀಸಿ ಕೈ ಬಿದ್ದೋಯ್ತು.’ ಅವಳ ಕಣ್ಣು ಅವನ ಕೈಯಲ್ಲಿದ್ದ ಲೋಟದ ಮೇಲೆ ಬಿತ್ತು. ‘ಆರೋಗದೆ ಅದು. ಕೊಡಿ, ಬಿಸಿ ಮಾಡ್ಕಬತ್ತೀನಿ.’

‘ಬೇಡ ಬುಡಿ,’ ಎಂದು ಕೆನೆ ಸಮೇತ ಎತ್ತಿ ಕುಡಿದು, ಖಾಲಿ ಲೋಟವನ್ನು ನೆಲದ ಮೇಲಿಟ್ಟ.

ಕರಿಯಯ್ಯ ಲೋಟ ನೋಡಿದ. ಬಗ್ಗಿ ಒಳಗೂ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. ಅವಳು ಲೋಟ ಎತ್ತಿಕೊಂಡು ಒಳಗೆ ಹೋಗಿ, ಅದರ ತುಂಬ ಬಿಸಿ ಕಾಫಿ ತಂದು ಅವನ ಮುಂದೆ ಇಟ್ಟಳು. ಅಂತರಸಂತೆಯಲ್ಲಿ ಅದಕ್ಕೇನು ಅರ್ಥವೆಂದು ಗಾವಡಗೆರೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮಂಟಯ್ಯ ಎಲೆಅಡಿಕೆಯ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ‘ಒಗೆಸೊಪ್ಪಿಲ್ವೇನಣ್ಣ?’ ಎಂದು ಕೇಳಿದ.

ಸಂಜೆ ಎಚ್.ಡಿ. ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಫೋನಿಗೆ ಸಿಗ್ನಲ್ ಬಂತು. ನಿಂಗರಾಜು ತಡೆಯಲಾರದೆ ಪುಟ್ಟತಾಯಮ್ಮನಿಗೆ ಮಾಡಿದ.

‘ಅಕ್ಕಾ, ಇವತ್ತು ಕರೆಂಟ್ ಓಗಿತ್ತಾ?’

‘ಓಯ್ತು, ಬಂತು, ಓಯ್ತು, ಬಂತು. ಬೆಳಗಿಂದ ಅದೇ ಆಟ.’

‘ಸರ್ವರ್?’

‘ಅದಕ್ಕೇನು, ನಡೀತಾ ಅದೆ.’ ಅವಳು ಯಾರಿಗೋ ಪಾಸ್‌ಬುಕ್ಕು ಎತ್ತಿ ಕೊಟ್ಟ ಸದ್ದು ಕೇಳಿಸಿತು. ‘ಯಾಕೆ ಕೇಳ್ತೀಯ? ಒಳಗೇ ಇದ್ದೀಯಲ್ಲಪ್ಪ?’

‘ನಾನು ರಜಾ ಅಕ್ಕ.’

‘ಅಯ್, ರಜಾನಾ?’ ಎಂದಳು ಪುಟ್ಟತಾಯಮ್ಮ. ‘ನಾನ್ ನೋಡೇ ಇಲ್ಲ ಕಣೋ.’

ಫೋನು ಜೇಬಿಗಿಳಿಸಿ, ನಿಂಗರಾಜು ಆಗಷ್ಟೇ ಬಂದ ಬಸ್ಸಿನ ಹತ್ತಿರ ಹೋದ. ಮಂಟಯ್ಯ ಆಗಲೇ ಮೆಟ್ಟಿಲು ಹತ್ತಿ, ಸೀಟಿಗೆ ಟವಲು ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ್ದ.

‘ಏನಂತ್ಲಾ?’

‘ನಾನಿಲ್ಲ ಅನ್ನೋದೇ ಯಾರಿಗೂ ಗೊತ್ತಾಗಿಲ್ವಂತೆ ಮಾವ.’

ಮಂಟಯ್ಯ ಅಕ್ಕಪಕ್ಕ ಅಂತರಸಂತೆಯವರು ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದ.

‘ಧಾರೆ ಆಗೋಗಂಟ ಇದ್ನ ಕರಿಯಯ್ಯಂಗೆ ಏಳ್ಬೇಡ.’